ಚಕ್ರಕ್ಕೆ ಮುಟ್ಟುವಷ್ಟರಲ್ಲಿ

(ಚಿಕ್ಕಮಗಳೂರಿನಲ್ಲಿ ಐಟಿಐ ಹುಡುಗರು, ಗ್ಯಾರೇಜಿನವರು, ತೋಟದವರು ಸೇರಿದ್ದ ಸಭೆಯಲ್ಲಿ ಆಡಿದ ಮಾತಿನ ಬರಹ ರೂಪ)

ಈ ಮೇಜಿನ ಮೇಲಿರುವುದು ಒಂದು ಹಳೆಯ ಮಾರುತಿ 800ರ ಗೇರ್ ಬಾಕ್ಸ್. ಒಂದು ಕಡೆಯ ಕವರ್ ಬಿಚ್ಚಿದ್ದೇನೆ. ಆಯಿಲ್ ಪೂರ್ತಿ ಇಳಿಸಿಲ್ಲ, ಬೇಕೆಂದೇ ಸ್ವಲ್ಪ ಉಳಿಸಿದ್ದೇನೆ. ಮಾತು ಮುಗಿದ ಮೇಲೆ ನೀವೆಲ್ಲ ಬಂದು ಕೈಯಲ್ಲಿ ತಿರುಗಿಸಿ ನೋಡಬೇಕು. ಅಲ್ಲಿಯವರೆಗೆ ಅದು ಅಲ್ಲೇ ಇರಲಿ.

ಷೋರೂಮಿಗೆ ಹೋದರೆ ನಾವು ಮೊದಲು ಕೇಳುವುದು ಎರಡೇ ಪ್ರಶ್ನೆ. ಮೈಲೇಜ್ ಎಷ್ಟು, ಬಿಎಚ್‌ಪಿ ಎಷ್ಟು, ಅಂದರೆ ಇಂಜಿನ್ನಿನ ಶಕ್ತಿ ಎಷ್ಟು. ಅವರು 80 ಅಂತಾರೆ. ನಾವು ಪಕ್ಕದ ಷೋರೂಮಿನ 85ರ ಜೊತೆ ತೂಗಿ ನೋಡುತ್ತೇವೆ. ಆದರೆ ಆ 80 ಅಳೆದದ್ದು ಎಲ್ಲಿ? ಹೆಸರಿನಲ್ಲೇ ಉತ್ತರ ಇದೆ. ಬಿಎಚ್‌ಪಿಯ 'ಬಿ' ಅಂದರೆ ಬ್ರೇಕ್. 1821ರಲ್ಲಿ ಫ್ರಾನ್ಸಿನ ಗ್ಯಾಸ್ಪಾರ್ ದ ಪ್ರೋನಿ ಎಂಬ ಇಂಜಿನಿಯರ್ ತಿರುಗುವ ಶಾಫ್ಟನ್ನು ಎರಡು ಮರದ ತುಂಡುಗಳ ಮಧ್ಯೆ ಬಿಗಿದ. ಅದಕ್ಕೆ ಒಂದು ಉದ್ದನೆಯ ಸನ್ನೆ ಕಟ್ಟಿ, ತುದಿಗೆ ತೂಕ ನೇತುಹಾಕಿ, ಶಾಫ್ಟ್ ಎಷ್ಟು ಜೋರಾಗಿ ಎಳೆಯುತ್ತದೆ ಎಂದು ಅಳೆದ. ಬ್ರೇಕ್ ಎಂಬ ಮಾತು ಅಲ್ಲಿಂದ ಬಂದಿದ್ದು. ಈಗ ಯಂತ್ರಗಳು ಬದಲಾಗಿವೆ, ಅಳೆಯುವ ಜಾಗ ಮಾತ್ರ ಅದೇ. ಅದು ಇಂಜಿನ್ನಿನ ಹೊಸಿಲು. ಇಂಜಿನ್ನಿನ ಕೊನೆಯಲ್ಲಿ ತಿರುಗುವ ಭಾರದ ತಟ್ಟೆ, ಅಂದರೆ ಫ್ಲೈವೀಲ್ ಹತ್ತಿರ ಅಳೆದ ಲೆಕ್ಕ. ಚಕ್ರ ಇನ್ನೂ ದೂರ ಇದೆ.

ಸಖರಾಯಪಟ್ಟಣದ ಕಡೆಯವರು ಯಾರಾದರೂ ಇದ್ದೀರಾ? ಹಾಂ, ನಿಮಗೆ ಇದು ಬೇಗ ಅರ್ಥವಾಗುತ್ತದೆ. ಅಯ್ಯನಕೆರೆಯ ತೂಬು ಎತ್ತಿದರೆ, ಬಿಟ್ಟಷ್ಟೂ ನೀರು ಕೊನೆಯ ಗದ್ದೆಗೆ ಬರುತ್ತದಾ? ಇಲ್ಲ. ಒಂದಷ್ಟು ಕಾಲುವೆಯ ಮಣ್ಣಿಗೆ ಇಂಗುತ್ತದೆ. ನೀರು ಜಾಸ್ತಿ ಬಿಟ್ಟರೂ ಕಡಿಮೆ ಬಿಟ್ಟರೂ ಈ ಇಂಗುವ ಪಾಲು ಹೆಚ್ಚು ಬದಲಾಗುವುದಿಲ್ಲ. ಇನ್ನೊಂದಷ್ಟು ಏರಿ ಮೇಲೆ ಹಾದು, ಬಿರುಕಿನಲ್ಲಿ ನುಗ್ಗಿ ಹೋಗುತ್ತದೆ. ಈ ಪಾಲು ನೀರು ಜಾಸ್ತಿ ಬಿಟ್ಟಷ್ಟೂ ಜಾಸ್ತಿ. ಈ ಎರಡು ಬಗೆಯ ಸೋರಿಕೆ ತಲೆಯಲ್ಲಿ ಇಟ್ಟುಕೊಳ್ಳಿ. ಕಾರಿನೊಳಗೂ ಇವೇ ಎರಡು.

ಪೆಟ್ರೋಲಿನ ಶಕ್ತಿಯಲ್ಲಿ ಹೆಚ್ಚಿನ ಪಾಲು ಸೈಲೆನ್ಸರಿನಲ್ಲಿ, ರೇಡಿಯೇಟರಿನಲ್ಲಿ ಬಿಸಿಯಾಗಿ ಹೋಗಿಬಿಡುತ್ತದೆ. ಅದು ಇಂಜಿನ್ನಿನ ಒಳಗಿನ ಕಥೆ, ಇವತ್ತು ಅದಕ್ಕೆ ಕೈ ಹಾಕುವುದಿಲ್ಲ. ಇವತ್ತು ನಮ್ಮದು ಹೊಸಿಲು ದಾಟಿದ ಮೇಲೆ ಚಕ್ರದವರೆಗೆ ಶಕ್ತಿ ಸಾಗುವ ದಾರಿ. ನಾನು ಹೇಳಬೇಕೆಂದಿರುವುದು ಇಷ್ಟೇ. ಒಂದು ಕಾರಿನ ಗುಣ ಅರ್ಧ ಇಂಜಿನ್ನಿನಲ್ಲಿದ್ದರೆ ಇನ್ನರ್ಧ ಈ ದಾರಿಯಲ್ಲಿದೆ. ದಾರಿ ಎಷ್ಟು ತಿನ್ನುತ್ತದೆ, ಎಲ್ಲಿ ತಿನ್ನುತ್ತದೆ, ತಿಂದು ಉಳಿದದ್ದನ್ನು ನಿಮ್ಮ ಕಾಲಿಗೆ, ಕೈಗೆ ಹೇಗೆ ಮುಟ್ಟಿಸುತ್ತದೆ ಅನ್ನುವುದರಲ್ಲಿದೆ.

ಜೀಪನ್ನೋ ಅಂಬಾಸಿಡರನ್ನೋ ಕಣ್ಣ ಮುಂದೆ ತಂದುಕೊಳ್ಳಿ. ಇಂಜಿನ್ ಮುಂದೆ, ಎಳೆಯುವ ಚಕ್ರ ಹಿಂದೆ. ಕ್ಲಚ್ ಪೂರ್ತಿ ಕೂತಿದ್ದರೆ ಅದು ಏನೂ ತಿನ್ನುವುದಿಲ್ಲ. ಆಮೇಲೆ ಗೇರ್ ಬಾಕ್ಸ್. ಒಳ್ಳೆಯ ಓರೆ ಹಲ್ಲಿನ ಒಂದು ಜೋಡಿ ಗೇರ್ ಸುಮಾರು ಶೇ 98ರಿಂದ 99ರಷ್ಟು ಶಕ್ತಿಯನ್ನು ದಾಟಿಸುತ್ತದೆ. ಒಂದು ಜೋಡಿಗೆ ನೂರರಲ್ಲಿ ಒಂದೋ ಎರಡೋ ಸುಂಕ ಅಷ್ಟೇ. ಫಸ್ಟ್, ಸೆಕೆಂಡ್, ಥರ್ಡ್ ಗೇರಿನಲ್ಲಿ ಇಂಥ ಎರಡು ಜೋಡಿ ದಾಟಬೇಕು. ಮೇಲಿನ ಶಾಫ್ಟಿನಿಂದ ಕೆಳಗಿನದಕ್ಕೆ ಒಮ್ಮೆ, ಕೆಳಗಿನಿಂದ ಮತ್ತೆ ಮೇಲಕ್ಕೆ ಒಮ್ಮೆ. ಆದರೆ ಇಂಥ ಗಾಡಿಗಳ ಟಾಪ್ ಗೇರ್ ನೋಡಿ. ನಾಲ್ಕು ಗೇರಿನ ಬಾಕ್ಸ್ ಆದರೆ ಅದು ಡೈರೆಕ್ಟ್. ಒಳಗೆ ಬರುವ ಶಾಫ್ಟೂ ಹೊರಗೆ ಹೋಗುವ ಶಾಫ್ಟೂ ನೇರ ಬೆಸೆದುಕೊಳ್ಳುತ್ತವೆ. ಗೇರಿನ ಹಲ್ಲುಗಳು ತಿರುಗುತ್ತಿರುತ್ತವೆ, ಆದರೆ ಭಾರ ಹೊರುವುದಿಲ್ಲ. ಇಡೀ ಬಾಕ್ಸಿನಲ್ಲಿ ಅತಿ ಕಡಿಮೆ ತಿನ್ನುವ ಗೇರ್ ಅದು. ಐದನೇ ಗೇರ್ ಸೇರಿಸಿದ ಬಾಕ್ಸುಗಳಲ್ಲಿ ಐದಕ್ಕೆ ಹಾಕಿದರೆ ಮತ್ತೆ ಎರಡು ಜೋಡಿ ದಾಟಬೇಕು. ಹಾಗಾದರೆ ಐದರಲ್ಲಿ ಮೈಲೇಜ್ ಜಾಸ್ತಿ ಬರುವುದು ಹೇಗೆ? ಇಂಜಿನ್ ನಿಧಾನ ತಿರುಗುತ್ತದಲ್ಲ, ಅದರಿಂದ. ಗೇರ್ ಬಾಕ್ಸ್ ಸ್ವಲ್ಪ ಜಾಸ್ತಿ ಕೇಳಿದರೂ ಇಂಜಿನ್ ಅದಕ್ಕಿಂತ ಜಾಸ್ತಿ ಉಳಿಸಿಕೊಡುತ್ತದೆ.

ಆಮೇಲೆ ಉದ್ದನೆಯ ಪ್ರೊಪೆಲ್ಲರ್ ಶಾಫ್ಟ್. ಅದರ ಎರಡೂ ತುದಿಯಲ್ಲಿ ಕ್ರಾಸ್, ಅಂದರೆ ಬಾಗಿಕೊಂಡೇ ತಿರುಗುವ ಕೀಲು. ಇವು ತಿನ್ನುವುದು ಬಹಳ ಕಡಿಮೆ. ದೊಡ್ಡ ಸುಂಕ ಇರುವುದು ಹಿಂದಿನ ಹೌಸಿಂಗಿನಲ್ಲಿ, ಕ್ರೌನ್ ಎಂಬ ದೊಡ್ಡ ಗೇರ್ ಮತ್ತು ಅದನ್ನು ತಿರುಗಿಸುವ ಪಿನಿಯನ್ ಎಂಬ ಸಣ್ಣ ಗೇರ್ ಹತ್ತಿರ. ಉದ್ದಕ್ಕೆ ಬಂದ ತಿರುಗುವಿಕೆಯನ್ನು ಅಲ್ಲಿ ಅಡ್ಡಕ್ಕೆ ತಿರುಗಿಸಬೇಕು. 1920ರ ದಶಕದಲ್ಲಿ ಅಮೆರಿಕದಲ್ಲಿ ಒಂದು ಉಪಾಯ ಬಂತು. ಪಿನಿಯನ್ನನ್ನು ಕ್ರೌನಿನ ನಡುಮಟ್ಟದಿಂದ ಕೆಳಗೆ ಇಳಿಸಿದರು. ಇದಕ್ಕೆ ಹೈಪಾಯ್ಡ್ ಎಂದು ಹೆಸರು. ಶಾಫ್ಟ್ ಕೆಳಗೆ ಹೋಯಿತು, ಕಾರಿನ ತಳ ಕೆಳಗೆ ಬಂತು, ಸದ್ದೂ ಕಡಿಮೆಯಾಯಿತು. ಆದರೆ ಈ ಹಲ್ಲುಗಳು ಒಂದರ ಮೇಲೊಂದು ಉರುಳುವುದು ಕಡಿಮೆ, ಜಾರುವುದು ಜಾಸ್ತಿ. ಜಾರಿದರೆ ಉಜ್ಜುತ್ತದೆ, ಉಜ್ಜಿದರೆ ಬಿಸಿ. ಇಲ್ಲಿ ನೂರಕ್ಕೆ ನಾಲ್ಕೈದು ಹೋದರೆ ಆಶ್ಚರ್ಯ ಇಲ್ಲ. ಸಕಲೇಶಪುರದಿಂದ ಲೋಡು ಹೊತ್ತು ಬಂದ ಪಿಕಪ್ ಗಾಡಿ ನಿಂತ ತಕ್ಷಣ ಹಿಂದಿನ ಹೌಸಿಂಗ್ ಹತ್ತಿರ ಕೈ ಹಿಡಿದು ನೋಡಿ. ಮುಟ್ಟಬೇಡಿ, ಹತ್ತಿರ ಹಿಡಿದರೆ ಸಾಕು, ಕೈಗೆ ಕಾವು ಬಡಿಯುತ್ತದೆ.

ಮಾರುತಿ 800 ಬಂದದ್ದು 1983ರ ಡಿಸೆಂಬರಿನಲ್ಲಿ. ಅದು ನಮ್ಮ ರಸ್ತೆಗೆ ತಂದ ದೊಡ್ಡ ಬದಲಾವಣೆ ಇದೇ. ಇಂಜಿನ್ನನ್ನು ಅಡ್ಡಕ್ಕೆ ಕೂರಿಸಿದರು. ಇಂಜಿನ್ನೂ ಅಡ್ಡ, ಚಕ್ರದ ಆಕ್ಸಲ್ಲೂ ಅಡ್ಡ. ಹಾಗಾಗಿ ಎಲ್ಲೂ ಮೂಲೆ ತಿರುಗಿಸುವ ಕೆಲಸವೇ ಇಲ್ಲ. ಒಂದು ಜೋಡಿ ಗೇರ್, ಆಮೇಲೆ ಕೊನೆಯದೊಂದು ಜೋಡಿ, ಮುಗಿಯಿತು. ಈ ಜಾಣತನಕ್ಕೆ ದಾರಿ ಹಾಕಿಕೊಟ್ಟದ್ದು 1959ರ ಇಂಗ್ಲೆಂಡಿನ ಮಿನಿ ಕಾರು. ಅಲೆಕ್ ಇಸಿಗೊನಿಸ್ ಅದರಲ್ಲಿ ಗೇರ್ ಬಾಕ್ಸನ್ನು ಇಂಜಿನ್ನಿನ ಕೆಳಗೆ, ಆಯಿಲ್ ಸಂಪಿನಲ್ಲೇ ಇಟ್ಟಿದ್ದರು. ಒಂದೇ ಆಯಿಲ್ ಎರಡಕ್ಕೂ.

ಈಗ ಎಲ್ಲರ ಬಾಯಲ್ಲೂ ಇರುವ ಲೆಕ್ಕಕ್ಕೆ ಬರೋಣ. ಮುಂದಿನ ಚಕ್ರ ಎಳೆಯುವ ಕಾರಾದರೆ ಹತ್ತು ಹನ್ನೆರಡು ಪರ್ಸೆಂಟ್ ಕಳೆಯಿರಿ, ಹಿಂದಿನದಾದರೆ ಹದಿನೈದು, ಫೋರ್ ವೀಲ್ ಆದರೆ ಇಪ್ಪತ್ತು ಅನ್ನುತ್ತಾರೆ. ಫುಲ್ ಆಕ್ಸಿಲರೇಟರ್ ಕೊಟ್ಟು, ಚಕ್ರದ ಶಕ್ತಿ ಅಳೆಯುವ ರೋಲರ್ ಮೇಲೆ ಓಡಿಸಿದಾಗ ಈ ಲೆಕ್ಕ ಹತ್ತಿರತ್ತಿರ ಬರುತ್ತದೆ, ನಿಜ. ಅದರಲ್ಲಿ ಟೈರ್ ತಿಂದದ್ದೂ ಸೇರಿರುತ್ತದೆ ಅನ್ನುವುದನ್ನು ಮಾತ್ರ ಮರೆತಿರುತ್ತಾರೆ. ಆದರೆ ಇದನ್ನೇ ಒಂದು ನಿಯಮ ಮಾಡಿಕೊಂಡರೆ ತಪ್ಪಾಗುತ್ತದೆ. ಯಾಕೆ ಅಂತ ಬಿಸಿಯ ಲೆಕ್ಕದಲ್ಲೇ ನೋಡೋಣ.

80ರ ಕಾರು. ಚಕ್ರದಲ್ಲಿ 70 ಸಿಕ್ಕಿತು ಅಂದುಕೊಳ್ಳಿ. ಹೋದದ್ದು ಹತ್ತು ಎಚ್‌ಪಿ, ಅಂದರೆ ಏಳೂವರೆ ಕಿಲೋವ್ಯಾಟ್. ನಿಮ್ಮ ಬಚ್ಚಲುಮನೆಯ ಗೀಸರ್ ಎರಡು ಕಿಲೋವ್ಯಾಟ್. ಸುಮಾರು ನಾಲ್ಕು ಗೀಸರಿನಷ್ಟು ಕಾವು! ಇದು ದಿನವಿಡೀ ಹೀಗೇ ಹೋಗುತ್ತಿದ್ದರೆ ಈ ಬಾಕ್ಸಿನೊಳಗಿನ ಎರಡು ಮೂರು ಲೀಟರ್ ಆಯಿಲ್ ಕಡೂರು ಮುಟ್ಟುವಷ್ಟರಲ್ಲಿ ಕರಕಲಾಗಬೇಕಿತ್ತು. ಹಾಗೆ ಆಗುವುದಿಲ್ಲ. ಕಡೂರು ರಸ್ತೆಯಲ್ಲಿ ಅರವತ್ತರಲ್ಲಿ ಆರಾಮಾಗಿ ಹೋಗಲು ಸಣ್ಣ ಕಾರಿಗೆ ಬೇಕಾಗುವುದೇ ಐದಾರು ಎಚ್‌ಪಿ. ಆಗ ದಾರಿಯಲ್ಲಿ ಕಳೆಯುವುದು ಒಂದರ ಆಸುಪಾಸು. ಪ್ರಮಾಣ ಕಡಿಮೆ, ಆದರೆ ಶೇಕಡಾ ಲೆಕ್ಕದಲ್ಲಿ ಜಾಸ್ತಿ. ಕಾಲುವೆಯಲ್ಲಿ ಸಣ್ಣಗೆ ನೀರು ಹರಿಯುವಾಗ ಇಂಗುವುದೇ ದೊಡ್ಡ ಪಾಲಾಗಿ ಕಾಣುವುದಿಲ್ಲವೇ, ಹಾಗೆ.

ಕಾರಿನಲ್ಲಿ ಈ ಇಂಗುವ ಪಾಲು ಯಾವುದು? ಗೇರ್‌ಗಳು ಆಯಿಲ್ ಕಡೆಯುವುದು, ಆಯಿಲ್ ಸೀಲ್ ಶಾಫ್ಟನ್ನು ಹಿಡಿಯುವುದು, ಬೇರಿಂಗಿನ ಬಿಗಿ. ಇವಕ್ಕೆ ನೀವು ಎಷ್ಟು ಆಕ್ಸಿಲರೇಟರ್ ಕೊಟ್ಟಿದ್ದೀರಿ ಅನ್ನುವುದು ಲೆಕ್ಕಕ್ಕಿಲ್ಲ. ಎಷ್ಟು ವೇಗವಾಗಿ ತಿರುಗುತ್ತಿದೆ, ಆಯಿಲ್ ಎಷ್ಟು ಮಂದ ಇದೆ ಅನ್ನುವುದಷ್ಟೇ ಲೆಕ್ಕ. ಏರಿ ಹಾದು ಹೋಗುವ ಪಾಲು ಅಂದರೆ ಹಲ್ಲಿಗೆ ಹಲ್ಲು ಉಜ್ಜುವುದು. ಅದು ಭಾರದ ಜೊತೆ ಏರುತ್ತದೆ. ಆದ್ದರಿಂದಲೇ ಇಂಜಿನ್ ಟ್ಯೂನ್ ಮಾಡಿಸಿ 80ನ್ನು 120 ಮಾಡಿದವರು 'ಹಾಗಾದರೆ ನಷ್ಟವೂ ಒಂದೂವರೆ ಪಟ್ಟು' ಅಂತ ಲೆಕ್ಕ ಹಾಕಬಾರದು. ಕಡೆಯುವ ಪಾಲು ಇದ್ದಷ್ಟೇ ಇರುತ್ತದೆ.

ಆಯಿಲ್ ಮಂದ ಇರುವುದು ಅಂದೆನಲ್ಲ. ಮೂಡಿಗೆರೆ ಕಡೆಯ ಒಬ್ಬರು ಟೀಚರ್ ಡಿಸೆಂಬರಿನಲ್ಲಿ ಕಾರು ತಂದಿದ್ದರು. 'ಸರ್, ಬೆಳಿಗ್ಗೆ ಎರಡು ಕಿಲೋಮೀಟರ್ ಹೋಗೋವರೆಗೂ ಸೆಕೆಂಡ್ ಗೇರ್ ಬೀಳೋದೇ ಇಲ್ಲ. ಆಮೇಲೆ ಸರಿ ಹೋಗುತ್ತೆ. ಗಾಡಿಗೂ ಚಳಿ ಆಗುತ್ತಾ?' ಅಂದರು. ಆಗುತ್ತೆ ಮೇಡಂ, ಅಂದೆ. ಹಿಂದಿನ ತಿಂಗಳು ಎಲ್ಲೋ ಒಂದು ಗ್ಯಾರೇಜಿನಲ್ಲಿ ಗೇರ್ ಆಯಿಲ್ ಬದಲಾಯಿಸಿದ್ದರು. ಆ ಕಾರಿಗೆ ಕಂಪನಿ ಹೇಳಿದ್ದು ತೆಳು ಆಯಿಲ್. ಅವರು ಹಾಕಿದ್ದು ಜೀಪಿಗೆ ಹಾಕುವ ಮಂದನೆಯ 90 ನಂಬರ್. ಡ್ರೈನ್ ಬೋಲ್ಟ್ ಬಿಚ್ಚಿದೆ. ಆಯಿಲ್ ಕಾಕಂಬಿಯ ಹಾಗೆ ನೂಲು ನೂಲಾಗಿ ಇಳಿಯಿತು. ಟ್ರೇ ಬಿಸಿಲಿಗೆ ಹಿಡಿದರೆ ಅದರೊಳಗೆ ಚಿನ್ನದ ಪುಡಿಯ ಹಾಗೆ ಮಿಣಮಿಣ. ಅದು ಹಿತ್ತಾಳೆ. ಗೇರ್ ಹಾಕುವಾಗ ಎರಡು ಶಾಫ್ಟುಗಳ ವೇಗ ಹೊಂದಿಸುವ ಸಿಂಕ್ರೋ ರಿಂಗ್ ಇರುತ್ತದಲ್ಲ, ಅದರ ಪುಡಿ. ಆಯಿಲ್ ಮಂದವಾಗಿ, ರಿಂಗ್ ತಾನು ಕೂರುವ ಗೇರಿನ ಕೋನನ್ನು ಹಿಡಿಯಲು ತಡವಾಗಿ, ಅವರು ಒತ್ತಿ ಒತ್ತಿ ಗೇರ್ ಹಾಕಿ, ರಿಂಗ್ ಸವೆದಿತ್ತು. ಸರಿಯಾದ ಆಯಿಲ್ ಹಾಕಿದ ಮೇಲೆ ಬೆಳಗಿನ ಕಷ್ಟ ಹೋಯಿತು. ಸವೆದ ರಿಂಗ್ ಮಾತ್ರ ವಾಪಸ್ ಬರುವುದಿಲ್ಲ. ಐಟಿಐ ಹುಡುಗರಿಗೆ ನಾನು ಕೈಮುಗಿದು ಕೇಳುವುದು ಇದೊಂದೇ. ಆಯಿಲ್ ಸುರಿಯುವ ಮೊದಲು ಆ ಗಾಡಿಯ ಪುಸ್ತಕ ತೆಗೆದು ನೋಡಿ.

ಎಣ್ಣೆಯ ಮಾತು ಬಂತು ಅಂತ ಒಂದು ಹಳೆಯ ನೆನಪು. ನಮ್ಮ ಮನೆಯಲ್ಲಿ ಎತ್ತಿನ ಗಾಡಿ ಇತ್ತು. ಸಂತೆಗೆ ಹೊರಡುವ ಹಿಂದಿನ ರಾತ್ರಿ ನಮ್ಮಜ್ಜ ಚಕ್ರ ಸ್ವಲ್ಪ ಸರಿಸಿ ಅಚ್ಚಿಗೆ ಕೀಲೆಣ್ಣೆ ಹಾಕುತ್ತಿದ್ದರು. ಕರಿ ಮೆತ್ತಿದ ಹರಳೆಣ್ಣೆ ವಾಸನೆ. 'ಎತ್ತಿಗೆ ಹುಲ್ಲು ಹಾಕೋದು ಎಷ್ಟು ಮುಖ್ಯವೋ ಅಚ್ಚಿಗೆ ಎಣ್ಣೆ ಹಾಕೋದೂ ಅಷ್ಟೇ ಮುಖ್ಯ ಕಣೋ. ಎಣ್ಣೆ ಕಮ್ಮಿಯಾದ್ರೆ ಎತ್ತಿನ ಮೈಯಿಂದ ಅದು ಕಿತ್ಕೊಳ್ತದೆ' ಅನ್ನುತ್ತಿದ್ದರು. ಇವತ್ತು ಇಲ್ಲಿ ನಾನು ಹೇಳುತ್ತಿರುವುದೆಲ್ಲ ಆ ಒಂದು ಮಾತಿನಲ್ಲಿದೆ. ಹರಳೆಣ್ಣೆಗೆ ಮೋಟಾರು ಜಗತ್ತಿನಲ್ಲೂ ದೊಡ್ಡ ಜಾಗ ಇತ್ತು ಗೊತ್ತಾ? ಇಂಗ್ಲಿಷಿನಲ್ಲಿ ಅದು ಕ್ಯಾಸ್ಟರ್ ಆಯಿಲ್. ಕ್ಯಾಸ್ಟ್ರಾಲ್ ಎಂಬ ಹೆಸರು ಹುಟ್ಟಿದ್ದೇ ಅದರಿಂದ.

ಆಟೊಮ್ಯಾಟಿಕ್ ಗಾಡಿಗಳ ಬಗ್ಗೆ ಬೇಗ ಹೇಳಿಬಿಡುತ್ತೇನೆ. ಎಎಂಟಿ ಅಂದರೆ ಇದೇ ಮ್ಯಾನ್ಯುಯಲ್ ಬಾಕ್ಸ್, ಕ್ಲಚ್ ಒತ್ತುವ ಕಾಲು ಮತ್ತು ಗೇರ್ ಹಾಕುವ ಕೈ ಮಾತ್ರ ಯಂತ್ರದ್ದು. ಹಾಗಾಗಿ ನಷ್ಟವೂ ಮ್ಯಾನ್ಯುಯಲ್ಲಿನಷ್ಟೇ. ಟಾರ್ಕ್ ಕನ್ವರ್ಟರಿನಲ್ಲಿ ಎರಡು ಫ್ಯಾನ್‌ಗಳ ನಡುವೆ ಎಣ್ಣೆಯೇ ಶಕ್ತಿ ದಾಟಿಸುತ್ತದೆ, ಜಾರಿಕೆ ಇರುತ್ತದೆ. ವೇಗ ಹಿಡಿದ ಮೇಲೆ ಒಳಗಿನ ಲಾಕಪ್ ಕ್ಲಚ್ ಎರಡನ್ನೂ ಕಟ್ಟಿಹಾಕುತ್ತದೆ. ಸಿವಿಟಿಯಲ್ಲಿ ಗೇರ್ ಜೋಡಿಗಳ ಬದಲು ಬೆಲ್ಟು ಇರುತ್ತದೆ, ಅದನ್ನು ಬಿಗಿಯಾಗಿ ಹಿಡಿಯಲು ಪಂಪು ಸದಾ ದುಡಿಯಬೇಕು. ಅದು ಸುಂಕ ಕೇಳುತ್ತದೆ, ಬದಲಿಗೆ ಇಂಜಿನ್ನನ್ನು ಹದವಾದ ವೇಗದಲ್ಲಿ ಇಡುತ್ತದೆ.

ಫೋರ್ ವೀಲ್ ವಿಷಯ ಮಾತ್ರ ಇಲ್ಲಿ ಬಿಡಿಸಿ ಹೇಳಲೇಬೇಕು, ನಮ್ಮ ತೋಟದ ಜೀಪುಗಳಿಗಾಗಿ. ಆಲ್ದೂರು ಕಡೆಯ ಒಬ್ಬ ಡ್ರೈವರ್ ಹುಡುಗ ಬಂದ. 'ಅಣ್ಣ, ಸ್ಟೇರಿಂಗ್ ಕಲ್ಲಾಗಿದೆ. ಪಿಕಪ್ಪೂ ಇಲ್ಲ. ಯಾರೋ ಹಿಂದಿನಿಂದ ಹಿಡ್ಕೊಂಡಂಗೆ ಆಗ್ತದೆ.' ನಾನು ಬಾನೆಟ್ ಎತ್ತಲೇ ಇಲ್ಲ. 'ತೋಟದಿಂದ ಟಾರ್ ರಸ್ತೆಗೆ ಬಂದಾಗ ಫೋರ್ ವೀಲ್ ತೆಗೆದೆಯೇನಪ್ಪ?' ಅಂತ ಕೇಳಿದೆ. ಅವನು ಸುಮ್ಮನಾದ. ಲಿವರ್ ಎಳೆದರೆ ಬರುತ್ತಿಲ್ಲ. ನಾಲ್ಕು ಮಾರು ರಿವರ್ಸ್ ತಗೋ ಅಂದೆ. ಟಕ್ ಅಂತ ಬಿಟ್ಟುಕೊಂಡಿತು.

ಆದದ್ದೇನು? ತಿರುವಿನಲ್ಲಿ ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಜಾಸ್ತಿ ದೂರ ಹೋಗುತ್ತವೆ. ಹಳೆಯ ಜೀಪು, ಜಿಪ್ಸಿಗಳಲ್ಲಿ ಫೋರ್ ವೀಲ್ ಹಾಕಿದರೆ ಮುಂದಿನ ಆಕ್ಸಲ್ಲೂ ಹಿಂದಿನದೂ ಒಂದಕ್ಕೊಂದು ಕಟ್ಟಿಹಾಕಿದ ಹಾಗೆ. ಕೆಸರಿನಲ್ಲಿ ಟೈರ್ ಸ್ವಲ್ಪ ಜಾರಿ ಲೆಕ್ಕ ಸರಿಮಾಡಿಕೊಳ್ಳುತ್ತದೆ. ಟಾರಿನಲ್ಲಿ ಜಾರಲು ಆಗುವುದಿಲ್ಲ. ಆ ವ್ಯತ್ಯಾಸವೆಲ್ಲ ಶಾಫ್ಟುಗಳಲ್ಲಿ ತಿರುಚಾಗಿ, ಬಟ್ಟೆ ಹಿಂಡಿದ ಹಾಗೆ ಕೂಡಿಕೊಳ್ಳುತ್ತದೆ. ಇಂಜಿನ್ ತನ್ನ ಗಾಡಿಯ ವಿರುದ್ಧವೇ ಎಳೆಯುತ್ತಿರುತ್ತದೆ. ಟೈರ್ ಸವೆತ, ಡೀಸೆಲ್ ಖರ್ಚು ಎಲ್ಲ ಅದರಿಂದ. ಇದು ಗಾಡಿಯ ಕೆಟ್ಟತನ ಅಲ್ಲ. ಕೆಸರಿನಲ್ಲಿ ಅದೇ ಬಿಗಿ ನಿಮ್ಮನ್ನು ಮೇಲೆ ಹತ್ತಿಸುತ್ತದೆ.

ಇನ್ನೊಂದು ನಷ್ಟ ಇದೆ, ಅದನ್ನು ಗ್ಯಾರೇಜಿನಲ್ಲಿ ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ. ನಿಜಕ್ಕೂ ಅದು ನಷ್ಟ ಅಲ್ಲ, ಸಾಲ. ಗಾಡಿ ವೇಗ ಹೆಚ್ಚಿಸುವಾಗ ಇಂಜಿನ್ ಕಾರನ್ನು ಮಾತ್ರ ತಳ್ಳಿದರೆ ಸಾಲದು. ಫ್ಲೈವೀಲ್, ಗೇರ್, ಚಕ್ರ ಎಲ್ಲವನ್ನೂ ಇನ್ನಷ್ಟು ಜೋರಾಗಿ ತಿರುಗಿಸಬೇಕು. ಅದಕ್ಕೂ ಶಕ್ತಿ ಬೇಕು. ಅದರಲ್ಲೂ ಫ್ಲೈವೀಲ್. ಫಸ್ಟ್ ಗೇರಿನಲ್ಲಿ ಚಕ್ರ ಒಂದು ಸುತ್ತು ಹಾಕುವಷ್ಟರಲ್ಲಿ ಇಂಜಿನ್ ಹದಿನಾಲ್ಕು ಸುತ್ತು ಹಾಕುತ್ತದೆ ಅಂದುಕೊಳ್ಳಿ. ಆಗ ಫ್ಲೈವೀಲಿನ ಜಡತೆ ಚಕ್ರಕ್ಕೆ ಹದಿನಾಲ್ಕು ಪಟ್ಟು ಅಲ್ಲ, ಹದಿನಾಲ್ಕರ ವರ್ಗದಷ್ಟು, ಅಂದರೆ 196 ಪಟ್ಟಾಗಿ ಕಾಣುತ್ತದೆ. ಸಣ್ಣ ಕಾರಿಗೆ ಲೆಕ್ಕ ಹಾಕಿದರೆ ಡಿಕ್ಕಿಯಲ್ಲಿ 250 ಕೆಜಿ ಹೊತ್ತ ಹಾಗೆ. 50 ಕೆಜಿಯ ಐದು ಮೂಟೆ ಕಾಫಿ! ಅದೇ ಟಾಪ್ ಗೇರಿನಲ್ಲಿ, ನಾಲ್ಕಕ್ಕೆ ಒಂದು ಅನುಪಾತ ಇದ್ದರೆ, 20 ಕೆಜಿಯಷ್ಟೇ.

ಈ ಸಾಲ ವಾಪಸ್ ಬರುತ್ತದೆ. ಆಕ್ಸಿಲರೇಟರ್ ಬಿಟ್ಟರೂ ಗಾಡಿ ಮುಂದೆ ಸಾಗಲು ಅದೂ ನೆರವಾಗುತ್ತದೆ. ಇಲ್ಲಿಂದಲೇ ಕಾರಿನ ಗುಣ ಶುರುವಾಗುವುದು. ಭಾರದ ಫ್ಲೈವೀಲ್ ಇರುವ ಹಳೆಯ ಡೀಸೆಲ್ ಜೀಪನ್ನು ಏರಿನಲ್ಲಿ ಕ್ಲಚ್ ಬಿಟ್ಟು ಸುಮ್ನೆ ಬಿಡಿ, ಆಫ್ ಆಗುವುದಿಲ್ಲ. ಡಗಡಗ ಅನ್ನುತ್ತಾ ಹತ್ತುತ್ತದೆ. ಅದು ತಾಳ್ಮೆ. ಆದರೆ ಅದಕ್ಕೆ ಅವಸರ ಮಾಡಿದರೆ ಆಗದು. ಹಗುರ ಫ್ಲೈವೀಲಿನ ಪೆಟ್ರೋಲ್ ಕಾರು ಕಾಲು ಮುಟ್ಟಿದರೆ ಸಾಕು, ಜುಮ್ ಅಂತ ಏರುತ್ತದೆ. ಆದರೆ ಏರಿನಲ್ಲಿ ಕ್ಲಚ್ ಒಂದು ಕೂದಲೆಳೆ ತಪ್ಪಿದರೆ ನಿಂತೇ ಬಿಡುತ್ತದೆ. ಯಾವುದು ಒಳ್ಳೆಯದು? ನೀವು ಹೋಗುವ ರಸ್ತೆ ಯಾವುದು ಅನ್ನುವುದರ ಮೇಲೆ.

ಗುಣ ದಾರಿಯಲ್ಲಿದೆ ಅನ್ನುವುದಕ್ಕೆ ನನ್ನ ಹತ್ತಿರ ಒಂದು ಒಳ್ಳೆಯ ಸಾಕ್ಷಿ ಇದೆ. ಫಿಯಟ್‌ನ 1248 ಸಿಸಿ ಡೀಸೆಲ್ ಇಂಜಿನ್ ನಿಮಗೆಲ್ಲ ಗೊತ್ತು. ಸ್ವಿಫ್ಟಿನಲ್ಲಿ ಇತ್ತು, ಫಿಯಟ್ ಪುಂಟೋದಲ್ಲಿ ಇತ್ತು, ಟಾಟಾ ವಿಸ್ಟಾದಲ್ಲಿ ಇತ್ತು. ಶಕ್ತಿ ಎಲ್ಲದರಲ್ಲೂ 75ರ ಆಸುಪಾಸು. ಕಾಗದದ ಮೇಲೆ ಮೂರೂ ಅಣ್ಣತಮ್ಮಂದಿರು. ಮೂರನ್ನೂ ಕಣ್ಣು ಮುಚ್ಚಿ ಪಕ್ಕದ ಸೀಟಿನಲ್ಲಿ ಕೂತು ಹೋದರೂ ನಾನು ಹೇಳಬಲ್ಲೆ, ಇದು ಯಾವುದು ಅಂತ. ಸ್ವಿಫ್ಟ್ ಹಗುರ. ಇಂಜಿನ್ನಿಗೆ ಹೆಚ್ಚು ಗಾಳಿ ಒತ್ತಿ ತುಂಬುವ ಟರ್ಬೊ ಹಿಡಿಯುವವರೆಗೆ ಮಂಕಾಗಿದ್ದು, ನಿಮಿಷಕ್ಕೆ ಸುಮಾರು ಎರಡು ಸಾವಿರ ಸುತ್ತಿಗೆ ಬರುತ್ತಲೇ ಹಾರಿಕೊಂಡು ಹೋಗುತ್ತದೆ. ಪುಂಟೋ ತೂಕದ ಗಾಡಿ. ಅದೇ ಟರ್ಬೊ ಅಲ್ಲಿ ಮೆಲ್ಲಗೆ ತಳ್ಳಿದ ಹಾಗೆ. ಆದರೆ ಅದರ ಸ್ಟೇರಿಂಗ್ ಎಣ್ಣೆಯ ಒತ್ತಡದ್ದು, ಸ್ವಿಫ್ಟಿನದು ಕರೆಂಟಿನದು. ಕೊಟ್ಟಿಗೆಹಾರದ ತಿರುವುಗಳಲ್ಲಿ ಪುಂಟೋ ಹಿಡಿದು ನೋಡಿ. ರಸ್ತೆ ಒದ್ದೆ ಇದೆಯಾ, ಜಲ್ಲಿ ಇದೆಯಾ ಅಂತ ಅಂಗೈಗೇ ಗೊತ್ತಾಗುತ್ತದೆ. ವಿಸ್ಟಾದಲ್ಲಿ ಐದು ಜನ ಆರಾಮಾಗಿ ಕೂತು ಮದುವೆಗೆ ಹೋಗಬಹುದು, ಅದರ ಗುಣ ಅದು. ಇಂಜಿನ್ ಒಂದೇ. ಗೇರಿನ ಅನುಪಾತ, ತೂಕ, ಇಂಜಿನ್ ಕೂರಿಸಿದ ರಬ್ಬರ್, ಲಿವರಿನಿಂದ ಬಾಕ್ಸಿಗೆ ಹೋಗುವ ಕೇಬಲ್, ಇವೆಲ್ಲ ಬೇರೆ ಬೇರೆ.

ಈ ಸಣ್ಣ ಸಣ್ಣ ಸಡಿಲಗಳ ಬಗ್ಗೆ ಇನ್ನೊಂದು ಮಾತು. ಕ್ಲಚ್ ಪ್ಲೇಟಿನ ಮಧ್ಯೆ ಸುತ್ತಲೂ ಸ್ಪ್ರಿಂಗ್ ಕೂರಿಸಿರುತ್ತಾರೆ, ನೋಡಿದ್ದೀರಿ. ಇಂಜಿನ್ನಿನ ಬಡಿತವನ್ನು ಅವು ನುಂಗುತ್ತವೆ. ನಾಲ್ಕು ಸಿಲಿಂಡರ್ ಆದರೆ ಅರ್ಧ ಸುತ್ತಿಗೊಂದು ಬಡಿತ. ಮೂರು ಸಿಲಿಂಡರ್ ಆದರೆ 240 ಡಿಗ್ರಿಗೊಂದು, ಅಂದರೆ ಸ್ವಲ್ಪ ದೂರ ದೂರ. ಸ್ಪ್ರಿಂಗ್ ತೀರಾ ಮೆತ್ತಗಾದರೆ ಆಕ್ಸಿಲರೇಟರ್ ಬಿಟ್ಟು ಹಿಡಿದಾಗಲೆಲ್ಲ ಗಾಡಿ ಜೋಲಿ ಹೊಡೆಯುತ್ತದೆ. ತೀರಾ ಬಿಗಿಯಾದರೆ ಕಟಕಟ ಸದ್ದು. ನಡುವಿನ ಒಂದು ಹದ ಹುಡುಕಲು ಯಾರೋ ಒಬ್ಬ ಇಂಜಿನಿಯರ್ ತಿಂಗಳುಗಟ್ಟಲೆ ಗಾಡಿ ಓಡಿಸಿರುತ್ತಾನೆ. ಅಂಬಾಸಿಡರಿನ ಸ್ಟೇರಿಂಗ್ ಪಕ್ಕದ ಗೇರ್ ನೆನಪಿದೆಯಾ? ಕಡ್ಡಿ, ಬುಷ್ ದಾಟಿ ದಾಟಿ ಬಾಕ್ಸಿಗೆ ಹೋಗುತ್ತಿತ್ತು. ಹಳೆಯದಾದಂತೆ ಒಂದೊಂದು ಗಾಡಿಯ ಗೇರ್ ಆ ಡ್ರೈವರಿಗೆ ಮಾತ್ರ ಬೀಳುತ್ತಿತ್ತು. ಬುಷ್ ಬದಲಾಯಿಸಿ ಕೊಟ್ಟರೆ 'ಇದು ನನ್ನ ಗಾಡಿಯೇ ಅಲ್ಲ' ಅಂದವರನ್ನು ನೋಡಿದ್ದೇನೆ. ಅವರ ಮಾತು ನಿಜವಾಗಿತ್ತು.

ಎಳೆಯುವ ಚಕ್ರ ಮುಂದೋ ಹಿಂದೋ ಅನ್ನುವುದು ಮಲೆನಾಡಿನಲ್ಲಿ ಮಳೆ ಬಂದ ದಿನ ಗೊತ್ತಾಗುತ್ತದೆ. ಏರಿನಲ್ಲಿ ತೂಕ ಹಿಂದಕ್ಕೆ ಸರಿಯುತ್ತದೆ. ಮುಂದಿನ ಚಕ್ರ ಹಗುರವಾಗುತ್ತದೆ, ಕೆಂಪು ಮಣ್ಣಿನಲ್ಲಿ ಸುಮ್ನೆ ಸುತ್ತುತ್ತದೆ. ತೋಟದ ಹಳಬರು ಇದಕ್ಕೊಂದು ಉಪಾಯ ಕಂಡುಕೊಂಡಿದ್ದರು. ಮಾರುತಿ ಹತ್ತದಿದ್ದರೆ ಗಾಡಿ ತಿರುಗಿಸಿ ರಿವರ್ಸಿನಲ್ಲಿ ಹತ್ತಿಸುವುದು. ಈಗ ಎಳೆಯುವ ಚಕ್ರ ಇಳಿಜಾರಿನ ಕಡೆ ಬಂತು, ತೂಕವೆಲ್ಲ ಅದರ ಮೇಲೆ. ಹತ್ತಿತು! ಓಮ್ನಿಯದು ಉಲ್ಟಾ. ಅದರಲ್ಲಿ ಎಳೆಯುವುದು ಹಿಂದಿನ ಚಕ್ರ, ಇಂಜಿನ್ ಇರುವುದು ಮುಂದಿನ ಸೀಟಿನ ಕೆಳಗೆ. ಖಾಲಿ ಇದ್ದರೆ ಹಿಂದೆ ತೂಕವಿಲ್ಲದೆ ಒದ್ದಾಡುತ್ತದೆ. ಹಿಂದೆ ನಾಲ್ಕು ಜನ ಹತ್ತಿದರೆ ಸಲೀಸು.

ಏಷ್ಯಾ ಪೆಸಿಫಿಕ್ ರ್‍ಯಾಲಿಯ ಭಾರತದ ಸುತ್ತು ನಮ್ಮ ತೋಟದ ರಸ್ತೆಗಳಲ್ಲೇ ನಡೆದಾಗ ನಿಮ್ಮಲ್ಲಿ ಕೆಲವರು ಬೇಲಿ ಪಕ್ಕ ನಿಂತು ನೋಡಿದ್ದೀರಿ. ಗೌರವ್ ಗಿಲ್ ಓಡಿಸಿದ ಸ್ಕೋಡಾ ಫ್ಯಾಬಿಯಾ ನಾಲ್ಕೂ ಚಕ್ರದಲ್ಲಿ ಎಳೆಯುವ ಗಾಡಿ. ದಾರಿಯಲ್ಲಿ ತಿನ್ನುವ ಲೆಕ್ಕ ಹಾಕಿದರೆ ಎರಡೇ ಚಕ್ರ ಎಳೆಯುವ ಕಾರಿಗಿಂತ ಜಾಸ್ತಿಯೇ ತಿನ್ನುತ್ತದೆ. ಆದರೂ ಜಲ್ಲಿ ರಸ್ತೆಯಲ್ಲಿ ಅದರ ಮುಂದೆ ಎರಡೇ ಚಕ್ರ ಎಳೆಯುವ ಕಾರು ನಿಲ್ಲುವುದಿಲ್ಲ. ಚಕ್ರಕ್ಕೆ ಮುಟ್ಟಿದ್ದು ಎಷ್ಟು ಅನ್ನುವುದಕ್ಕಿಂತ ಚಕ್ರದಿಂದ ನೆಲಕ್ಕೆ ಇಳಿದದ್ದು ಎಷ್ಟು ಅನ್ನುವುದೇ ಅಲ್ಲಿ ಮುಖ್ಯ.

ಬೆಟ್ಟ ತಿನ್ನುವುದನ್ನೂ ಹೇಳಿಬಿಡಬೇಕು. ನಮ್ಮ ಊರೇ ಸಾವಿರ ಮೀಟರಿಗೂ ಮೇಲಿದೆ. ಮುಳ್ಳಯ್ಯನಗಿರಿ 1,930 ಮೀಟರ್. ಅಲ್ಲಿ ಗಾಳಿ ಸಮುದ್ರದ ಮಟ್ಟಕ್ಕಿಂತ ಸುಮಾರು ಶೇ 17ರಷ್ಟು ತೆಳು. ಟರ್ಬೊ ಇಲ್ಲದ ಇಂಜಿನ್ ಅಷ್ಟೇ ಶಕ್ತಿ ಕಳೆದುಕೊಳ್ಳುತ್ತದೆ. ಮಂಗಳೂರಿನಲ್ಲಿ 80 ಇದ್ದದ್ದು ಮೇಲೆ 66. ಗೇರ್ ಬಾಕ್ಸಿಗಿಂತ ಗಾಳಿಯೇ ಜಾಸ್ತಿ ತಿಂದಿತು! ಕೈಮರ ದಾಟಿದ ಮೇಲೆ ಗಾಡಿ ಮಂಕಾದರೆ ಕ್ಲಚ್ ಪ್ಲೇಟ್ ಹೋಯಿತು ಅಂತ ಗಾಬರಿ ಬೀಳಬೇಡಿ. ಒಂದು ಗೇರ್ ಕೆಳಗೆ ಹಾಕಿ, ಅಷ್ಟೇ.

ಇಳಿಯುವಾಗ ಇದೇ ದಾರಿ ಉಲ್ಟಾ ಕೆಲಸ ಮಾಡುತ್ತದೆ. ಚಾರ್ಮಾಡಿ ಇಳಿಯುವಾಗ ಪೆಟ್ರೋಲ್ ಉಳಿಸಲು ನ್ಯೂಟ್ರಲ್ ಮಾಡುವವರು ಇನ್ನೂ ಇದ್ದಾರೆ. ದಯವಿಟ್ಟು ಮಾಡಬೇಡಿ. ಈಗಿನ ಗಾಡಿಗಳಲ್ಲಿ ಗೇರಿನಲ್ಲಿಟ್ಟು ಕಾಲು ತೆಗೆದರೆ ಇಂಜೆಕ್ಟರ್ ಪೆಟ್ರೋಲ್ ಬಿಡುವುದನ್ನೇ ನಿಲ್ಲಿಸುತ್ತದೆ. ನ್ಯೂಟ್ರಲ್ಲಿನಲ್ಲಿ ಇಂಜಿನ್ ಆಫ್ ಆಗದಿರಲು ಸ್ವಲ್ಪ ಕುಡಿಯಲೇಬೇಕು. ಉಳಿಯುವುದೂ ಇಲ್ಲ, ಬ್ರೇಕೂ ಕಾಯುತ್ತದೆ. ಸಾವಿರ ಕೆಜಿ ಗಾಡಿ ನೂರು ಮೀಟರ್ ಎತ್ತರ ಇಳಿದರೆ ಕಾಲು ಯೂನಿಟ್ ಕರೆಂಟಿಗಿಂತ ಸ್ವಲ್ಪ ಜಾಸ್ತಿ ಶಕ್ತಿ ಬಿಡುಗಡೆಯಾಗುತ್ತದೆ. ಅದು ಎಲ್ಲಿಗಾದರೂ ಹೋಗಬೇಕಲ್ಲ. ಎಲೆಕ್ಟ್ರಿಕ್ ಕಾರು ಅದರಲ್ಲಿ ಒಂದಷ್ಟನ್ನು ಬ್ಯಾಟರಿಗೆ ತುಂಬಿಕೊಳ್ಳುತ್ತದೆ. ಪೂರ್ತಿ ಅಲ್ಲ. ಹೋಗುವಾಗ ನೂರಕ್ಕೆ ಹತ್ತು, ಬರುವಾಗ ಹತ್ತು ಸುಂಕ ಕಟ್ಟಿದರೆ ಕೈಗೆ ಉಳಿಯುವುದು 81. ಎಲೆಕ್ಟ್ರಿಕ್ ಗಾಡಿಗೆ ಗೇರ್ ಬದಲಾಯಿಸುವ ಬಾಕ್ಸ್ ಇಲ್ಲದಿದ್ದರೂ ವೇಗ ತಗ್ಗಿಸುವ ಗೇರ್ ಇದೆ, ಡಿಫರೆನ್ಶಿಯಲ್ ಇದೆ, ಆಯಿಲ್ ಇದೆ. ಅದಕ್ಕೆ ಗುಣವೇ ಇಲ್ಲ ಅನ್ನುವವರ ಜೊತೆ ನಾನು ಒಪ್ಪುವುದಿಲ್ಲ. ಕಾಲು ತೆಗೆದಾಗ ಅದು ಎಷ್ಟು ಮೆಲ್ಲಗೆ, ಎಷ್ಟು ಗಟ್ಟಿಯಾಗಿ ಹಿಡಿಯುತ್ತದೆ ಅನ್ನುವುದರಲ್ಲಿ ಒಂದೊಂದು ಗಾಡಿಯದೂ ಒಂದೊಂದು ರೀತಿ.

ಈಗ ಮುಂದೆ ಬನ್ನಿ, ನಾಲ್ಕೈದು ಜನ ಒಟ್ಟಿಗೆ. ಬಾಕ್ಸ್ ಈಗ ನ್ಯೂಟ್ರಲ್ಲಿನಲ್ಲಿದೆ. ಈ ಶಾಫ್ಟ್ ತಿರುಗಿಸಿ. ಸಲೀಸಾಗಿ ತಿರುಗುತ್ತದೆ, ಆದರೂ ಒಂದು ತೆಳು ಹಿಡಿತ ಇದೆ ಅಲ್ವಾ? ಅದೇ ಇಂಗುವ ಪಾಲು, ಆಯಿಲಿನದು, ಸೀಲಿನದು. ಈಗ ಫಸ್ಟ್ ಹಾಕುತ್ತೇನೆ. ಸುಮಾರು ಹದಿನೈದು ಸುತ್ತು ತಿರುಗಿಸಿದರೆ ಆ ಕಡೆ ಚಕ್ರದ ಜಾಗ ಒಂದು ಸುತ್ತು. ಎಣಿಸಿ. ಆಮೇಲೆ ಒಬ್ಬರು ಒಂದು ಬದಿಯನ್ನು ಗಟ್ಟಿ ಹಿಡಿಯಿರಿ, ಇನ್ನೊಂದು ಬದಿ ಎರಡರಷ್ಟು ತಿರುಗುತ್ತದೆ, ಅದು ಡಿಫರೆನ್ಶಿಯಲ್. ಕೊನೆಗೆ ಬೆರಳು ಆಯಿಲಿನಲ್ಲಿ ಅದ್ದಿ ಉಜ್ಜಿ ನೋಡಿ, ಮೂಸಿ ನೋಡಿ. ಗಂಧಕದ ವಾಸನೆ ಬರುತ್ತದೆ. ಕೈ ಒರೆಸಲು ವೇಸ್ಟ್ ಬಟ್ಟೆ ಮೇಜಿನ ಕೆಳಗೆ ಇಟ್ಟಿದ್ದೇನೆ.